ಒಂಟಿ ಹಿರಿಯರ ಸೇವೆಗೆ ಟ್ರಸ್ಟ್ ಅನುದಾನ: ಲೆಕ್ಕಪರಿಶೋಧಕರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ಕೊಪ್ಪಳ ಜಿಲ್ಲೆಯ ಹೋಬಳಿಯೊಂದರಲ್ಲಿ, ಮಕ್ಕಳು ಗುಳೆ ಹೋದ ಮೇಲೆ ಒಂಟಿಯಾಗಿ ಉಳಿದ ಹಿರಿಯರಿಗೆ ಮಧ್ಯಾಹ್ನದ ಊಟ ಕೊಡುತ್ತೇವೆ, ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಟ್ರಸ್ಟ್ ನೋಂದಣಿಯಾಗಿ ನಾಲ್ಕು ವರ್ಷವಾಯಿತು. ಇದುವರೆಗೆ ಊರವರ ದೇಣಿಗೆಯಲ್ಲೇ ನಡೆದಿದೆ. ಒಬ್ಬರು ದೊಡ್ಡ ಟ್ರಸ್ಟ್‌ನಿಂದ ಅನುದಾನ ಕೊಡಿಸುತ್ತೇವೆ, ಬಂದದ್ದರಲ್ಲಿ ಶೇ 10 ಕೊಡಿ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಖಂಡಿತ ಒಪ್ಪಬೇಡಿ, ಮೇಡಂ. ಊಟಕ್ಕೆಂದು ಬಂದ ಹಣದಲ್ಲಿ ಪಾಲು ಕೊಟ್ಟು, ಅದನ್ನು ಲೆಕ್ಕದಲ್ಲಿ ಯಾವ ಖರ್ಚೆಂದು ತೋರಿಸುತ್ತೀರಿ? ಅರ್ಜಿ ಬರೆದುಕೊಟ್ಟವರಿಗೆ ನಿಮ್ಮ ಸ್ವಂತ ನಿಧಿಯಿಂದ ನಿಗದಿತ ಶುಲ್ಕ ಕೊಟ್ಟು ರಸೀದಿ ಪಡೆಯುವುದು ಬೇರೆ ಮಾತು.

ಮೊದಲು ಆದಾಯ ತೆರಿಗೆ ಇಲಾಖೆಯ 12ಎಬಿ ನೋಂದಣಿ (ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ ಮಾನ್ಯತೆಯ (ದಾನಿಗಳಿಗೆ ತೆರಿಗೆ ರಿಯಾಯಿತಿ) ಪತ್ರ ತೆಗೆದು ದಿನಾಂಕ ನೋಡಿ. ಹೊಸ ಟ್ರಸ್ಟ್‌ಗಳಿಗೆ ಕೊಟ್ಟಿದ್ದ ತಾತ್ಕಾಲಿಕ ನೋಂದಣಿ ಮೂರೇ ವರ್ಷದ್ದು. ನಿಮ್ಮದು ನಾಲ್ಕು ವರ್ಷದ ಟ್ರಸ್ಟ್ ಆದ್ದರಿಂದ ಇದನ್ನು ನಾಳೆಗೆ ಇಡಬೇಡಿ. ಮೂರು ವರ್ಷದ ಪರಿಶೋಧಿತ ಲೆಕ್ಕಪತ್ರ, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಜಾಲತಾಣದ ಸಂಖ್ಯೆಯೂ ಕೈಯಲ್ಲಿರಲಿ.

ಇನ್ನು ಬಜೆಟ್. ಸಣ್ಣ ಸಂಸ್ಥೆಗಳು ಅಂಜುವುದು ಇಲ್ಲಿಯೇ. ಸಂಬಳ ಬರೆದರೆ ಹಣ ಸಿಗದು ಎಂದುಕೊಂಡು ಅಕ್ಕಿ, ಬೇಳೆ, ಗ್ಯಾಸ್ ಮಾತ್ರ ಬರೆಯುತ್ತಾರೆ. ಅಜ್ಜಿಯನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದು, ಸರದಿಯಲ್ಲಿ ನಿಂತು, ಮಾತ್ರೆ ತಂದುಕೊಟ್ಟು, ಎರಡು ದಿನ ಬಿಟ್ಟು ಮತ್ತೆ ಬಾಗಿಲು ತಟ್ಟುವ ಹೆಣ್ಣುಮಗಳು ಇಲ್ಲದಿದ್ದರೆ ನಿಮ್ಮ ಸೇವೆ ಎಲ್ಲಿದೆ? ಆಕೆಯ ಸಂಬಳ, ಬಸ್ ಖರ್ಚು, ಲೆಕ್ಕ ಬರೆಯುವವರ ಶುಲ್ಕ ಎಲ್ಲವನ್ನೂ ಇದ್ದಂತೆ ಬರೆಯಿರಿ. ಮುಚ್ಚಿಟ್ಟರೆ ವರ್ಷದ ಕೊನೆಗೆ ಆಕೆಗೇ ಸಂಬಳ ಬಾಕಿ ಬೀಳುತ್ತದೆ. ಮತ್ತೊಂದು ಮಾತು: ತಟ್ಟೆ ಹಿಡಿದು ನಿಂತ ಹಿರಿಯರ ಫೋಟೊ ಅರ್ಜಿಗೆ ಅಂಟಿಸಬೇಡಿ. ಎಷ್ಟು ಮಂದಿಗೆ, ವಾರಕ್ಕೆ ಎಷ್ಟು ದಿನ, ಯಾರಿಗೆ ಯಾವ ಚಿಕಿತ್ಸೆ ತಪ್ಪಿತ್ತು ಎಂಬ ವಿವರ, ಹೆಸರಿಲ್ಲದೆ, ಸಾಕು.

ಪ್ರಶ್ನೆ: ಪಕ್ಕದ ತಾಲ್ಲೂಕಿನ ಸಂಸ್ಥೆಯೊಂದು ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ಸ್ವಲ್ಪ ಕೊಡುವುದಾಗಿ ಹೇಳಿದೆ. ಪಡೆಯಬಹುದೇ?

ಉತ್ತರ: ಪಡೆಯುವಂತಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಆ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಇಬ್ಬರಿಗೂ ವಿದೇಶಿ ದೇಣಿಗೆ ಪಡೆಯುವ ನೋಂದಣಿ ಇದ್ದರೂ ಅಷ್ಟೇ. ಅವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ತೊಂದರೆ ಇಬ್ಬರಿಗೂ ತಟ್ಟುತ್ತದೆ. ದೇಶದೊಳಗಿನ ದೇಣಿಗೆಯಿಂದ ಕೊಡುತ್ತಾರಾದರೆ ಒಪ್ಪಂದ ಬರೆದುಕೊಂಡು ಬ್ಯಾಂಕ್ ಮೂಲಕವೇ ಪಡೆಯಿರಿ.

ಗುಂಪಿನ ಇನ್ನೊಬ್ಬ ಸದಸ್ಯರು: ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೂ ಇವೇ ಕಾಗದಗಳೇ?

ಉತ್ತರ: ಇವುಗಳ ಜೊತೆಗೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿ ಬೇಕು, 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ನಿಮ್ಮಂಥ ಸಂಸ್ಥೆಗಳಿಗೆ ಕನಿಷ್ಠ ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆಯೂ ಇರಬೇಕು.

ಪ್ರಶ್ನೆ: ಮೊದಲು ಯಾರನ್ನು ಕೇಳಲಿ ಸರ್?

ಉತ್ತರ: ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಷನ್, ಮುಂಬೈನ ಟಾಟಾ ಟ್ರಸ್ಟ್ಸ್‌ನಂಥವರು ಯಾವ ಕ್ಷೇತ್ರಕ್ಕೆ, ಯಾವ ಜಿಲ್ಲೆಗಳಿಗೆ ಕೊಡುತ್ತಾರೆಂದು ಅವರ ಜಾಲತಾಣದಲ್ಲಿ ಓದಿ. ಹೊಂದಿದರೆ ಒಂದೇ ಪುಟದ ಪತ್ರ ಕಳಿಸಿ. ಐವತ್ತು ಪುಟದ ಪ್ರಸ್ತಾವನೆ ಅವರು ಕೇಳಿದ ಮೇಲೆ ಸಾಕು. ಬಜೆಟ್ ಬರೆದ ಮೇಲೆ ಇಲ್ಲಿ ಹಾಕಿ, ನೋಡಿಕೊಡುತ್ತೇನೆ.