ಡಿಸ್ಕ್‌ಗೆ ಬರೆಯುತ್ತಿರುವ ಪ್ರೋಸೆಸ್ ಯಾವುದು ಅಂತ ಹಿಡಿಯೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡಿದ್ದೇನೆ. ಅದಕ್ಕೆ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಇದೆ, ಫೈಲ್ ಸಿಸ್ಟಮ್ ಇಎಕ್ಸ್‌ಟಿ4. ಬರೀ ಫೋಟೋ ಇಡೋ ಡಿಸ್ಕ್ ಅದು. ಯಾರೂ ಮುಟ್ಟದಿದ್ದರೂ ರಾತ್ರಿಯೆಲ್ಲಾ ಕಟಕಟ ಅನ್ನುತ್ತೆ, ಮಲಗೋದೇ ಇಲ್ಲ.

ಯಾವ ಪ್ರೋಸೆಸ್ ಡಿಸ್ಕ್ ಎಷ್ಟು ಬಳಸುತ್ತಿದೆ ಅಂತ ತೋರಿಸುವ ಐಒಟಾಪ್ ಅನ್ನು ರೂಟ್ (ಅಡ್ಮಿನ್) ಆಗಿ, ಒಟ್ಟು ಲೆಕ್ಕ ತೋರಿಸುವ ಹಾಗೆ ಓಡಿಸಿದೆ. ಮೇಲೆ ಬರೋದು ಜೆಬಿಡಿ2 (ಫೈಲ್ ಸಿಸ್ಟಮ್‌ನ ಜರ್ನಲ್ ಬರೆಯೋದು), ಅದರ ಕೆಳಗೆ ಕೆವರ್ಕರ್ (ಹಿನ್ನೆಲೆ ಕೆಲಸ ಮಾಡೋದು). ಎರಡೂ ಕರ್ನಲ್‌ನವೇ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನವೇ) ಅಲ್ವಾ? ಪ್ರೋಗ್ರಾಂ ಬರೆದದ್ದು ಮೊದಲು ಮೆಮೊರಿಯಲ್ಲಿ ಕೂರುತ್ತೆ, ಆಮೇಲೆ ಕರ್ನಲ್ ಅದನ್ನು ಡಿಸ್ಕ್‌ಗೆ ಇಳಿಸುತ್ತೆ. ಅಷ್ಟು ಗೊತ್ತು. ಇದು ಪೋಸ್ಟ್‌ಮ್ಯಾನ್‌ನನ್ನು ಹಿಡಿದು ಕಾಗದ ಬರೆದವರು ಯಾರು ಅಂತ ಕೇಳಿದ ಹಾಗಾಯಿತು. ಪಿಡ್‌ಸ್ಟ್ಯಾಟ್ ಅನ್ನೋ ಟೂಲ್ ಬರೆಯುವ ಪ್ರೋಸೆಸ್ ಹೆಸರು ಹೇಳುತ್ತೆ, ಆದರೆ ಯಾವ ಡಿಸ್ಕ್ ಅಂತ ಹೇಳಲ್ಲ. ತೆರೆದ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್‌ನಲ್ಲಿ ನೋಡಿದರೆ ಆ ಡಿಸ್ಕ್‌ನ ಯಾವ ಫೈಲೂ ತೆರೆದಿಲ್ಲ. ಫೈಲ್ ಓದಿದಾಗಲೆಲ್ಲ ಸಮಯ ಬರೆಯದ ಹಾಗೆ ನೋಎಟೈಮ್ ಹಾಕಿ ಮೌಂಟ್ ಮಾಡಿದ್ದೇನೆ. ಡಿಸ್ಕ್ ಹೊಸದಲ್ಲ, ಹಾಗಾಗಿ ಲೇಜಿ ಇನಿಟ್ (ಹೊಸದಾಗಿ ಫಾರ್ಮ್ಯಾಟ್ ಮಾಡಿದ ಮೇಲೆ ಹಿನ್ನೆಲೆಯಲ್ಲಿ ನಡೆಯುವ ಸಿದ್ಧತೆ) ಕೆಲಸವೂ ಅಲ್ಲ.

ಯಾವ ಪ್ರೋಸೆಸ್ ಯಾವ ಫೈಲ್ ಮುಟ್ಟಿತು ಅಂತ ತೋರಿಸುವ ಫ್ಯಾಟ್ರೇಸ್ ಕೂಡ ಓಡಿಸಿದೆ. ಸುಮ್ನೆ ಖಾಲಿ! ಎಂಮ್ಯಾಪ್ (ಫೈಲನ್ನು ಮೆಮೊರಿಗೆ ಜೋಡಿಸಿಕೊಳ್ಳೋದು) ಮೂಲಕ ಬರೆದದ್ದು ಅದಕ್ಕೆ ಕಾಣಿಸಲ್ಲ ಅಂತ ಓದಿದ್ದೇನೆ, ಅದೇ ಇರಬಹುದಾ?

ನನಗೆ ಬೇಕಿರೋದು ಇಷ್ಟು: ಈ ಒಂದು ಡಿಸ್ಕ್‌ನಲ್ಲಿ ಯಾವ ಐನೋಡ್ (ಫೈಲ್‌ನ ವಿವರ ಇರುವ ದಾಖಲೆ) ಬದಲಾಯಿತು, ಬದಲಾಯಿಸಿದ ಪ್ರೋಸೆಸ್ ಯಾವುದು ಅಂತ ಕರ್ನಲ್ ಒಳಗೆ ಇಣುಕುವ ಪರ್ಫ್ ಅಥವಾ ಬಿಪಿಎಫ್‌ಟ್ರೇಸ್ ಟೂಲ್‌ನಲ್ಲಿ ನೋಡೋದು ಹೇಗೆ? ಯಾವ ಟ್ರೇಸ್‌ಪಾಯಿಂಟ್ (ಕರ್ನಲ್‌ನಲ್ಲಿ ಗಮನಿಸಲು ಗುರುತಿಟ್ಟ ಜಾಗ) ಹಿಡಿಯಬೇಕು?