ತಾಯಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದರೆ ಕೈಬಿಟ್ಟಂತಾಗುತ್ತದೆಯೇ?

ಪ್ರಶ್ನೆ: ಹೊಸನಗರ ತಾಲ್ಲೂಕಿನ ತೋಟದ ಒಂಟಿ ಮನೆಯಲ್ಲಿ ನಮ್ಮ ತಾಯಿಯವರು ಒಬ್ಬರೇ ಇದ್ದಾರೆ. ಮರೆವು ಹೆಚ್ಚುತ್ತಿದೆ, ಮಳೆಗಾಲದಲ್ಲಿ ಕರೆಂಟೂ ಫೋನೂ ದಿನಗಟ್ಟಲೆ ಇರುವುದಿಲ್ಲ, ಮಕ್ಕಳಾದ ನಾವು ಬೆಂಗಳೂರಿನಲ್ಲಿದ್ದೇವೆ. ಶಿವಮೊಗ್ಗದ ಆರೈಕೆ ಕೇಂದ್ರವೊಂದಕ್ಕೆ ಸೇರಿಸುವ ಮಾತೆತ್ತಿದರೆ, ‘ಮಕ್ಕಳಿದ್ದೂ ಆಶ್ರಮವೇ?’ ಎಂದು ಚಿಕ್ಕಪ್ಪ ನೊಂದುಕೊಳ್ಳುತ್ತಾರೆ. ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸಾಗರ): ಮೊದಲು ತಾಯಿಯವರನ್ನೇ ಕೇಳಿ, ಮರೆವು ಇನ್ನೂ ಹೆಚ್ಚುವ ಮುನ್ನವೇ ಕೇಳಬೇಕು. ಕೇಂದ್ರವನ್ನು ನೋಡಲು ಹೋದಾಗ ರಾತ್ರಿ ಪಾಳಿಯಲ್ಲಿ ಎಷ್ಟು ಜನ ದಾದಿಯರಿರುತ್ತಾರೆ, ಹಾಸಿಗೆ ಹಿಡಿದವರನ್ನೂ ಇರಿಸಿಕೊಳ್ಳುತ್ತಾರೆಯೇ ಎಂಬುದನ್ನು ವಿಚಾರಿಸಿ, ಏಕೆಂದರೆ ಅನೇಕ ವೃದ್ಧಾಶ್ರಮಗಳು ಓಡಾಡುವ ಹಿರಿಯರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಚಿಕ್ಕಪ್ಪನವರನ್ನೂ ಜೊತೆಗೆ ಕರೆದೊಯ್ಯಿರಿ.

ಉತ್ತರ 2 (ಶಿವಮೊಗ್ಗ): ಹಣದ ಲೆಕ್ಕವನ್ನು ಈಗಲೇ ಮಾಡಿಕೊಳ್ಳಿ. 70 ದಾಟಿದವರಿಗೆ ದೊರೆಯುವ ಆಯುಷ್ಮಾನ್ ಯೋಜನೆಯ 5 ಲಕ್ಷ ರೂಪಾಯಿ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ ಮಾತ್ರ; ತಿಂಗಳ ಆರೈಕೆ ವೆಚ್ಚಕ್ಕೆ ಅದು ಬರುವುದಿಲ್ಲ. ತೋಟವನ್ನು ದಾನಪತ್ರದ ಮೂಲಕ ಮಕ್ಕಳ ಹೆಸರಿಗೆ ಮಾಡುವುದಾದರೆ, ತಾಯಿಯವರನ್ನು ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿಯೇ ಸ್ಪಷ್ಟವಾಗಿರಲಿ. ಷರತ್ತು ತಪ್ಪಿದಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯನ್ನು ಕೋರಬಹುದು. ನಿಮ್ಮ ಮೇಲೆ ಸಂಶಯವಿದೆಯೆಂದು ಇದನ್ನು ಹೇಳುತ್ತಿಲ್ಲ. ತಾಯಿಯವರ ನೆಮ್ಮದಿಗೆ ಇದು ಅಗತ್ಯ.

ಉತ್ತರ 3 (ತೀರ್ಥಹಳ್ಳಿ): ಕೈಬಿಟ್ಟಂತೆ ಖಂಡಿತ ಅಲ್ಲ. ಆದರೆ ಸೇರಿಸಿದ ಮೇಲೆ ನೋಡಲು ಹೋಗುವುದು ಅಪರೂಪವಾದರೆ ಚಿಕ್ಕಪ್ಪನವರ ಮಾತೇ ನಿಜವಾಗುತ್ತದೆ. ಮಳೆಗಾಲದ ಮಟ್ಟಿಗೆ ಸೇರಿಸಿ, ಅವರು ಹೇಗೆ ಹೊಂದಿಕೊಳ್ಳುತ್ತಾರೆಂದು ನೋಡಿ, ಅನಂತರ ನಿರ್ಧರಿಸಬಹುದು.