ತೇಲಿದ್ದೆಲ್ಲಾ ಅಂಟದ ಸೆಲ್ ಅಲ್ವಾ?

ಪಿಪೆಟ್_ಪುಟ್ಟ: ಡಿಶ್‌ಗೆ ಅಂಟಿಕೊಳ್ಳಲು ಹೀಲಾ ಸೆಲ್‌ಗೆ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯನ ಕ್ಯಾನ್ಸರ್ ಸೆಲ್) ಯಾವ ಜೀನ್‌ಗಳು ಬೇಕು ಅಂತ ಹುಡುಕುತ್ತಿದ್ದೇನೆ. ಒಂದೊಂದು ಸೆಲ್‌ನಲ್ಲಿ ಒಂದೊಂದು ಜೀನ್ ಕೆಡಿಸುವ ಬ್ರುನೆಲ್ಲೊ ಕ್ರಿಸ್ಪರ್ ಲೈಬ್ರರಿ ಹಾಕಿ, ಹತ್ತು ದಿನ ಬಿಟ್ಟು, ತೇಲುತ್ತಿದ್ದವನ್ನೂ ಅಂಟಿದ್ದವನ್ನೂ ಬೇರೆ ಬೇರೆ ಸೀಕ್ವೆನ್ಸ್ ಮಾಡಿಸಿದೆ. ತೇಲಿದ್ದರಲ್ಲಿ ಹೆಚ್ಚು ಕಂಡ ಜೀನ್‌ಗಳ ಪಟ್ಟಿಯ ಮೇಲ್ತುದಿಯಲ್ಲಿ ಬರೀ ರೈಬೋಸೋಮ್, ಪ್ರೋಟಿಯಾಸೋಮ್‌ನಂಥ ಸೆಲ್ ಬದುಕಲು ಬೇಕಾದ ಜೀನ್‌ಗಳು, ಸೆಲ್ ವಿಭಜನೆಯ ಜೀನ್‌ಗಳು. ಸೆಲ್ ಅನ್ನು ಹಿಡಿದಿಡುವ ಮೇಲ್ಮೈ ಪ್ರೋಟೀನ್ ಇಂಟೆಗ್ರಿನ್, ಅದರ ಬೀಟಾ1 ಭಾಗ ಎಲ್ಲೋ ಕೆಳಗಿದೆ, ಆಲ್ಫಾ5 ಕಾಣಿಸಲೇ ಇಲ್ಲ. ಎಲ್ಲಿ ಎಡವಿದೆ?

ಗಾಜಿನತಟ್ಟೆ: ತೇಲಿದ್ದೆಲ್ಲಾ ಅಂಟದ ಸೆಲ್ ಅಲ್ಲ ಮಾರಾಯ್ರೇ. ಸತ್ತದ್ದೂ ತೇಲುತ್ತದೆ, ವಿಭಜನೆಗೆ ನಿಂತ ಸೆಲ್ ಕೂಡ ಗುಂಡಗಾಗಿ ಸುಲಭಕ್ಕೆ ಕಿತ್ತು ಬರುತ್ತದೆ, ನಿಮ್ಮ ಪಟ್ಟಿ ಹೇಳುತ್ತಿರುವುದು ಅದನ್ನೇ. ಆಲ್ಫಾ5 ಕಾಣದ್ದಕ್ಕೆ ಸೆಲ್ ಬೆಳೆಸುವ ದ್ರವಕ್ಕೆ ಹಾಕುವ ಸೀರಮ್ ಕಾರಣ ಇರಬಹುದು. ಅದರಲ್ಲಿ ವಿಟ್ರೊನೆಕ್ಟಿನ್ ಎಂಬ ಅಂಟಿಸುವ ಪ್ರೋಟೀನ್ ಇರುತ್ತದೆ, ಅದನ್ನು ಹಿಡಿಯುವುದು ಆಲ್ಫಾವಿ ಇಂಟೆಗ್ರಿನ್. ಹಾಗಾಗಿ ಆಲ್ಫಾ5 ಕೆಡಿಸಿದರೂ ಸೆಲ್ ಆರಾಮಾಗಿ ಕೂತಿರುತ್ತದೆ.

ಮುಂದಿನ ಸಲ ಎಲ್ಲವನ್ನೂ ಡಿಶ್‌ನಿಂದ ಎಬ್ಬಿಸಿ, ಸತ್ತವನ್ನು ಬಣ್ಣ ಹಾಕಿ ಸಾರ್ಟರ್‌ನಲ್ಲಿ (ಸೆಲ್ ಬೇರ್ಪಡಿಸುವ ಯಂತ್ರ) ಬಿಡಿಸಿ, ಬದುಕಿದ್ದವನ್ನು ಆಲ್ಫಾ5 ಹಿಡಿಯುವ ಫೈಬ್ರೊನೆಕ್ಟಿನ್ ಬಳಿದ ಡಿಶ್‌ನಲ್ಲಿ ಸೀರಮ್ ಇಲ್ಲದೆ ಅರ್ಧ ಗಂಟೆ ಕೂರಿಸಿ, ಮೆಲ್ಲಗೆ ತೊಳೆಯಿರಿ. ತೊಳೆದಾಗ ಬಂದದ್ದನ್ನೂ ಉಳಿದದ್ದನ್ನೂ ಹೋಲಿಸಿ. ಬೀಟಾ1, ಆಲ್ಫಾ5, ಇಂಟೆಗ್ರಿನ್‌ಗೆ ಒಳಗಿನಿಂದ ಆಸರೆಯಾಗುವ ಟ್ಯಾಲಿನ್1 ಮೇಲೆ ಬಂದರೆ ಸರಿ ಅಂತ ಲೆಕ್ಕ. ಜೋಡಿ ಪ್ರೋಟೀನ್ ಟ್ಯಾಲಿನ್2 ಅದರ ಕೆಲಸ ಮಾಡಿ ಟ್ಯಾಲಿನ್1 ಮಂಕಾದರೆ ಗಾಬರಿ ಬೇಡ. ಇನ್ನೊಂದು, ಲೈಬ್ರರಿಯಲ್ಲಿ 76,441 ಗೈಡ್ (ಕೆಡಿಸಬೇಕಾದ ಜೀನ್ ತೋರಿಸುವ ಆರ್‌ಎನ್‌ಎ) ಇವೆ. ಗೈಡ್‌ಗೆ 500 ಸೆಲ್ ಅಂದರೂ 3.8 ಕೋಟಿ. ತೇಲಿದ್ದು ಎಷ್ಟಿತ್ತು?

ಪಿಪೆಟ್_ಪುಟ್ಟ: ಇಪ್ಪತ್ತು ಲಕ್ಷ 🙈

ನೊಣದ_ಮನೆ: ಹಾಗಾದರೆ ಆ ಪಟ್ಟಿಯನ್ನು ಮರೆತುಬಿಡಿ, ಸುಮ್ನೆ ಅಂಕಿಗಳ ಗದ್ದಲ ಅದು.

ಹಣ್ಣುನೊಣದವರಿಗೂ ಇಂಥದ್ದೇ ತೊಂದರೆ ಇತ್ತು. ನೊಣದ ಬೀಟಾ ಇಂಟೆಗ್ರಿನ್ ಜೀನ್ ಮಯೋಸ್ಫೆರಾಯ್ಡ್. ಅದು ಪೂರ್ತಿ ಕೆಟ್ಟರೆ ಭ್ರೂಣದಲ್ಲೇ ಸ್ನಾಯುಗಳು ಕಿತ್ತುಕೊಂಡು ಗುಂಡಗಾಗಿ ಎಲ್ಲಾ ಸತ್ತುಹೋಗುತ್ತದೆ. ಅದಕ್ಕೆ ಅವರು ಇಡೀ ನೊಣವನ್ನು ಬಿಟ್ಟು, ಎಫ್‌ಎಲ್‌ಪಿ ಎಂಬ ಡಿಎನ್‌ಎ ಕತ್ತರಿಸಿ ಜೋಡಿಸುವ ಎನ್‌ಜೈಮ್ ಬಳಸಿ ರೆಕ್ಕೆಯ ಅಲ್ಲಲ್ಲಿ ಮಾತ್ರ ಜೀನ್ ಇಲ್ಲದ ತುಣುಕು ಮಾಡಿದರು. ರೆಕ್ಕೆಗೆ ಎರಡು ಪದರ, ಎರಡನ್ನೂ ಇಂಟೆಗ್ರಿನ್ ಹಿಡಿದಿಟ್ಟಿರುತ್ತದೆ. ಹಿಡಿತ ತಪ್ಪಿದ ಕಡೆ ಪೂರಿಯ ಹಾಗೆ ಗುಳ್ಳೆ ಏಳುತ್ತದೆ! ಮೈಕ್ರೋಸ್ಕೋಪ್ ಕೆಳಗೆ ಗುಳ್ಳೆ ನೋಡುತ್ತಾ ಹೋದರೆ ಆಯಿತು. ಸೆಲ್ ಬದುಕಿದೆ, ಅಂಟು ಮಾತ್ರ ಬಿಟ್ಟಿದೆ. ನಿಮಗೂ ಬೇಕಿರುವುದು ಅಂಥ ಗುರುತು.

ಪಿಪೆಟ್_ಪುಟ್ಟ: ಸರಿ, ಮತ್ತೆ ಮಾಡುತ್ತೇನೆ. ಎಬ್ಬಿಸಲು ಟ್ರಿಪ್ಸಿನ್ ನಡೆಯುತ್ತಾ?

ಗಾಜಿನತಟ್ಟೆ: ಬೇಡ, ಮೇಲ್ಮೈ ಪ್ರೋಟೀನ್‌ಗಳನ್ನೇ ಕತ್ತರಿಸಿ ಹಾಕುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ಒಂದೇ ಸಾಕು. ಆದರೆ ಕೂರಿಸುವ ಮೊದಲು ಚೆನ್ನಾಗಿ ತೊಳೆದು ಕ್ಯಾಲ್ಸಿಯಂ, ಮೆಗ್ನೀಸಿಯಂ ವಾಪಸ್ ಕೊಡಿ. ಅವಿಲ್ಲದೆ ಇಂಟೆಗ್ರಿನ್ ಹಿಡಿಯುವುದಿಲ್ಲ, ಆಮೇಲೆ ಕಂಟ್ರೋಲ್ ಸೆಲ್‌ಗಳೂ ತೇಲುತ್ತವೆ.